ಹಾಳೆಯ ಮೇಲೆ ಓಡಿದ ರೈಲು

ದಕ್ಷಿಣ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಿಂದ ಉಲ್ಮ್ ಕಡೆಗೆ ಹೊರಡುವ ಪ್ಯಾಸೆಂಜರ್ ರೈಲು ಮೊದಲು ನೆಕರ್ ನದಿಯ ಜೊತೆಯಲ್ಲಿ ಸಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಎಸ್ಲಿಂಗೆನ್ ಬರುತ್ತದೆ. ಈ ಊರಿನ ಹೆಸರನ್ನು ಹೆಚ್ಚಿನ ಕನ್ನಡಿಗರು ಕೇಳಿರಲಾರರು. ಆದರೂ ಕನ್ನಡಕ್ಕೂ ಇದಕ್ಕೂ ಒಂದು ನಂಟಿದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹೆರ್ಮನ್ ಮೋಗ್ಲಿಂಗ್ ಈ ಸೀಮೆಯವರು, 1881ರಲ್ಲಿ ಅವರು ಕಣ್ಣು ಮುಚ್ಚಿದ್ದು ಎಸ್ಲಿಂಗೆನ್‌ನಲ್ಲಿ. ಇದೇ ಊರಿನಲ್ಲಿ 1846ರಲ್ಲಿ ಆರಂಭವಾದ ಕಾರ್ಖಾನೆಯೊಂದು ನೂರು ವರ್ಷಕ್ಕೂ ಮಿಕ್ಕಿ ರೈಲ್ವೆ ಎಂಜಿನ್‌ಗಳನ್ನು ಕಟ್ಟಿತು.

ಮುಂದೆ ಪ್ಲೋಖಿಂಗೆನ್ ಎಂಬಲ್ಲಿ ಹಳಿ ನೆಕರ್ ನದಿಯನ್ನು ಬಿಟ್ಟು ಅದರ ಉಪನದಿ ಫಿಲ್ಸ್‌ನ ಕಣಿವೆಗೆ ತಿರುಗುತ್ತದೆ. ಸ್ಟುಟ್‌ಗಾರ್ಟ್‌ನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಗೊಪ್ಪಿಂಗೆನ್. ಊರಿನ ಹೊರಗೆ 684 ಮೀಟರ್ ಎತ್ತರದ ಹೊಹೆನ್‌ಸ್ಟಾಫೆನ್ ಗುಡ್ಡ. ಒಂದು ರಾಜವಂಶಕ್ಕೆ ಹೆಸರು ಕೊಟ್ಟ ಕೋಟೆಯ ಅವಶೇಷ ಅದರ ನೆತ್ತಿಯ ಮೇಲಿದೆ. ಆದರೆ ಗೊಪ್ಪಿಂಗೆನ್‌ನ ಹೆಸರನ್ನು ದೇಶದಿಂದ ದೇಶಕ್ಕೆ ಒಯ್ದದ್ದು ರಾಜರಲ್ಲ, ಆಟಿಕೆ ರೈಲುಗಳು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ರೈಲುಗಳ ಚಿತ್ರಗಳಿದ್ದ ಕ್ಯಾಟಲಾಗ್‌ಗಳು.

ಈ ಕಣಿವೆಯ ಜನಕ್ಕೆ ಲೋಹದ ಕೆಲಸ ಹಳೆಯ ಕಸುಬು. ತಗಡನ್ನು ಒತ್ತಿ ಆಕಾರ ಕೊಡುವ ಪ್ರೆಸ್ ಯಂತ್ರಗಳಿಗೆ ಹೆಸರಾದ ಶೂಲರ್ ಕಂಪನಿ 1839ರಲ್ಲಿ ಹುಟ್ಟಿದ್ದು ಗೊಪ್ಪಿಂಗೆನ್‌ನ ಒಂದು ಬೀಗದ ಕಾರ್ಯಾಗಾರದಲ್ಲಿ. ಅತ್ತ ಗೈಸ್ಲಿಂಗೆನ್‌ನಲ್ಲಿ 1853ರಿಂದ ಪಾತ್ರೆ, ಚಮಚಗಳ ಕಾರ್ಖಾನೆ. ಇಂಥ ಊರಿನಲ್ಲಿ 1859ರಲ್ಲಿ ತಿಯೋಡೋರ್ ಮೆರ್ಕ್ಲಿನ್ ಎಂಬ ತಗಡಿನ ಕೆಲಸಗಾರ ಮಕ್ಕಳ ಅಡುಗೆ ಆಟದ ಪುಟ್ಟ ಪಾತ್ರೆಗಳನ್ನು ಮಾಡತೊಡಗಿದ. ಚನ್ನಪಟ್ಟಣದ ಮರದ ಅಡುಗೆ ಸಾಮಾನು ಇದೆಯಲ್ಲ, ಅಂಥದ್ದೇ, ಇದು ತಗಡಿನದು. ಮಾಲು ಮಾಡುವವನು ಗಂಡನಾದರೆ ಅದನ್ನು ಹೊತ್ತು ಊರೂರು ತಿರುಗಿ, ಸ್ವಿಟ್ಜರ್ಲೆಂಡಿನವರೆಗೂ ಹೋಗಿ ಮಾರಿದವಳು ಹೆಂಡತಿ ಕ್ಯಾರೊಲಿನ್. 1866ರಲ್ಲಿ ಗಂಡ ಅಪಘಾತದಲ್ಲಿ ತೀರಿಕೊಂಡ. ಕ್ಯಾರೊಲಿನ್ ಅಂಗಡಿಗೆ ಬೀಗ ಹಾಕಲಿಲ್ಲ. 1888ರಲ್ಲಿ ಮಕ್ಕಳು ವಹಿಸಿಕೊಳ್ಳುವವರೆಗೂ ಆಕೆ ಆ ಕಸುಬನ್ನು ಉಳಿಸಿಕೊಂಡು ಬಂದಳು. ಕಂಪನಿಯ ಕಥೆ ಹೇಳುವಾಗ ರೈಲಿನ ಸದ್ದಿನಲ್ಲಿ ಈ ಹೆಂಗಸಿನ ಹೆಸರು ಮುಳುಗಿಹೋಗುವುದುಂಟು. ಅದು ನ್ಯಾಯವಲ್ಲ.

1891ರಲ್ಲಿ ಲೈಪ್‌ಜಿಗ್ ನಗರದ ವಸಂತಕಾಲದ ವ್ಯಾಪಾರಮೇಳದಲ್ಲಿ ಮೆರ್ಕ್ಲಿನ್ ಸಹೋದರರು ಕೀಲಿ ಕೊಟ್ಟರೆ ಓಡುವ ರೈಲೊಂದನ್ನು ಇಟ್ಟರು. ಇಂಗ್ಲಿಷಿನ 8ರ ಆಕಾರದ ಹಳಿ. ಕೀಲಿ ರೈಲು ಅಷ್ಟೇನೂ ಹೊಸದಾಗಿರಲಿಲ್ಲ. ಹೊಸದಾಗಿದ್ದದ್ದು ಅದರ ಹಿಂದಿನ ಯೋಚನೆ. ಹಳಿಗಳ ನಡುವಿನ ಅಂತರಕ್ಕೆ ಅವರು ಗೊತ್ತಾದ ಅಳತೆಗಳನ್ನು ಇಟ್ಟು 1, 2, 3 ಎಂದು ಸಂಖ್ಯೆ ಕೊಟ್ಟರು. ಈ ವರ್ಷ ಒಂದು ಎಂಜಿನ್, ಎರಡು ಬೋಗಿ ಕೊಂಡವನು ಮುಂದಿನ ವರ್ಷ ನಾಲ್ಕು ತುಂಡು ಹಳಿ, ಅದರ ಮುಂದಿನ ವರ್ಷ ಒಂದು ಸ್ಟೇಷನ್ ಕೊಂಡು ಜೋಡಿಸಿಕೊಳ್ಳಬಹುದು. ಎಲ್ಲವೂ ಒಂದಕ್ಕೊಂದು ಹೊಂದುತ್ತವೆ. ಗೊಂಬೆಯ ಅಡುಗೆಮನೆಗೆ ವರ್ಷಕ್ಕೊಂದು ಪಾತ್ರೆ ಸೇರಿಸುತ್ತಾರಲ್ಲ, ಅದೇ ಲೆಕ್ಕ. ಅಪ್ಪನ ಕಸುಬಿನ ಗುಟ್ಟನ್ನು ಮಕ್ಕಳು ರೈಲಿಗೆ ತಂದರು.

ಬಿಡಿಬಿಡಿಯಾಗಿ ಮಾರುವ ವ್ಯಾಪಾರಕ್ಕೆ ಪಟ್ಟಿ ಬೇಕು. ಏನೇನು ಇದೆ, ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ತಿಳಿಯಬೇಕು. ಕ್ಯಾಟಲಾಗ್ ಹುಟ್ಟಿದ್ದು ಹೀಗೆ. ಅದು ವ್ಯಾಪಾರಕ್ಕೆಂದೇ ಹುಟ್ಟಿದ್ದು, ಅದರಲ್ಲಿ ಮುಚ್ಚುಮರೆಯೇನೂ ಇಲ್ಲ. ಆದರೆ ಕೈಸೇರಿದ ಮೇಲೆ ಮಕ್ಕಳು ಅದನ್ನು ಬೇರೆಯೇ ಆಗಿ ಬಳಸಿಕೊಂಡರು.

ಕೊಳ್ಳಲಾಗದವರ ಪುಸ್ತಕ

ಒಳ್ಳೆಯ ಮಾದರಿ ಎಂಜಿನ್ ಎಂದೂ ಅಗ್ಗದ ವಸ್ತುವಾಗಿರಲಿಲ್ಲ. ಕೂಲಿ ಮಾಡುವವರ, ಗುಮಾಸ್ತರ ಮನೆಗಳಲ್ಲಿ ಕ್ರಿಸ್ಮಸ್‌ಗೆ ಒಂದು ಬೋಗಿ ಬಂದರೆ ಅದೇ ದೊಡ್ಡದು. ಎಷ್ಟೋ ಮನೆಗಳಿಗೆ ಅದೂ ಬರಲಿಲ್ಲ. ಬಂದದ್ದು ಕ್ಯಾಟಲಾಗ್ ಮಾತ್ರ. ಹಬ್ಬದ ಮುಂಚೆ ಅಂಗಡಿಯಿಂದ ತಂದ ಆ ಪುಸ್ತಕವನ್ನು ಹುಡುಗರು ಅಂಚು ಸವೆಯುವವರೆಗೆ ಓದುತ್ತಿದ್ದರು. ಬೇಕಾದದ್ದಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಅಂಚಿನಲ್ಲಿ ಬೆಲೆ ಕೂಡಿಸಿ, ಮೊತ್ತ ಕಂಡು ಹೆದರಿ, ಒಂದೊಂದಾಗಿ ಗುರುತು ಅಳಿಸುತ್ತಿದ್ದರು. ಹಳೆಯ ಕ್ಯಾಟಲಾಗ್ ಕೂಡಿಡುವ ಹವ್ಯಾಸಿಗಳಿಗೆ ಇಂಥ ಪೆನ್ಸಿಲ್ ಗುರುತುಗಳು ಚೆನ್ನಾಗಿ ಪರಿಚಿತ. ಒಂದೂ ಗುರುತಿಲ್ಲದ ಹೊಚ್ಚ ಹೊಸದರಂಥ ಪ್ರತಿಗೆ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ. ಆದರೆ ಓದುವ ಸುಖ ಗುರುತಿರುವ ಪ್ರತಿಯಲ್ಲೇ.

ಮೊದಲನೆಯ ಮಹಾಯುದ್ಧಕ್ಕೆ ಮುಂಚಿನ ಮೆರ್ಕ್ಲಿನ್ ಕ್ಯಾಟಲಾಗ್ ತೆರೆದರೆ ರೈಲು ಒಂದು ಭಾಗ ಮಾತ್ರ. ಗೊಂಬೆಗಳ ಅಡುಗೆಮನೆ, ತಿರುಗುವ ತೊಟ್ಟಿಲು, ಉಗಿಯಂತ್ರ, ಹಡಗು, ಯುದ್ಧನೌಕೆ ಕೂಡ. ದೊಡ್ಡವರ ಪ್ರಪಂಚದಲ್ಲಿ ಯಾವುದರ ಗೀಳು ಹತ್ತಿತ್ತೋ ಅದು ಮಕ್ಕಳ ಪುಟಗಳಲ್ಲೂ ಬಂತು. ಚರಿತ್ರೆಯ ಪಾಠ ಓದಿದವರಿಗೆ ಆ ನೌಕೆಗಳನ್ನು ನೋಡಿದಾಗ ಸ್ವಲ್ಪ ಕಸಿವಿಸಿಯಾಗದೆ ಇರದು.

ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿ ಆ ಕಾಲದ ವಿದ್ಯುತ್ ರೈಲುಗಳಲ್ಲಿದೆ. ಮನೆಗೆ ಬರುವ ದೀಪದ ಕರೆಂಟಿನಿಂದಲೇ ಆಟಿಕೆ ರೈಲು ಓಡಿಸುತ್ತಿದ್ದರು! ನಡುವೆ ಒಂದು ಬಲ್ಬನ್ನು ಸರಣಿಯಲ್ಲಿ ಜೋಡಿಸುತ್ತಿದ್ದರು. ಬಲ್ಬು ರೋಧವಾಗಿ ಕೆಲಸ ಮಾಡಿ ಹೆಚ್ಚಿನ ವೋಲ್ಟೇಜನ್ನು ತಾನೇ ನುಂಗಿಕೊಂಡು ರೈಲಿಗೆ ಸ್ವಲ್ಪ ಬಿಡುತ್ತಿತ್ತು. ರೈಲು ಓಡುತ್ತಿರುವಾಗ ಇದು ಸರಿ. ಎಂಜಿನ್ ಹಳಿ ತಪ್ಪಿತು ಎನ್ನಿ. ಆಗ ಪ್ರವಾಹ ನಿಲ್ಲುತ್ತದೆ. ಪ್ರವಾಹವಿಲ್ಲದಿದ್ದರೆ ಬಲ್ಬಿನಲ್ಲಿ ವೋಲ್ಟೇಜ್ ಇಳಿಯುವುದಿಲ್ಲ. ಓಮ್‌ನ ನಿಯಮ ಗೊತ್ತಿರುವ ಯಾರಿಗಾದರೂ ಇದು ತಿಳಿಯುತ್ತದೆ. ಅಂದರೆ ಮಗು ಎಂಜಿನನ್ನು ಎತ್ತಿಡಲು ಕೈ ಚಾಚುವ ಗಳಿಗೆಯಲ್ಲೇ ಹಳಿಗಳ ಮೇಲೆ ಮನೆಯ ಪೂರ್ತಿ ವೋಲ್ಟೇಜ್ ನಿಂತಿರುತ್ತದೆ. 1926ರಲ್ಲಿ ಮೆರ್ಕ್ಲಿನ್ ಟ್ರಾನ್ಸ್‌ಫಾರ್ಮರ್ ಮೂಲಕ 20 ವೋಲ್ಟಿಗೆ ಇಳಿಸಿ ಓಡಿಸುವ ವ್ಯವಸ್ಥೆ ತಂದಿತು. ಆಟದ ವೇಗ, ಅಂದ ಯಾವುದೂ ಇದರಿಂದ ಹೆಚ್ಚಲಿಲ್ಲ. ಆದರೂ ಕ್ಯಾಟಲಾಗಿನ ಇಡೀ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸುಧಾರಣೆ ಇನ್ನೊಂದಿರಲಾರದು.

ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದು ಪರ್ಯಾಯ ಪ್ರವಾಹದಲ್ಲಿ. ಮೆರ್ಕ್ಲಿನ್ ರೈಲು ಮುಂದೆಯೂ ಅದನ್ನೇ ನೆಚ್ಚಿಕೊಂಡಿತು. ಬೇರೆ ಅನೇಕ ಕಂಪನಿಗಳು ಎರಡು ಹಳಿಗಳಲ್ಲಿ ಒಂದನ್ನು ಧನ, ಇನ್ನೊಂದನ್ನು ಋಣ ಮಾಡಿ ನೇರ ಪ್ರವಾಹದಿಂದ ಓಡಿಸಿದವು. ಆ ಪದ್ಧತಿಯಲ್ಲಿ ಹಳಿಯನ್ನು ಸುತ್ತು ಹಾಕಿಸಿ ಮತ್ತೆ ಅದಕ್ಕೇ ತಂದು ಸೇರಿಸಿದರೆ ಧನ ಹೋಗಿ ಋಣಕ್ಕೆ ತಗಲುತ್ತದೆ, ಶಾರ್ಟ್ ಆಗುತ್ತದೆ. ಕಾಗದದ ಮೇಲೆ ಬರೆದು ನೋಡಿ, ತಕ್ಷಣ ಗೊತ್ತಾಗುತ್ತದೆ. ಮೆರ್ಕ್ಲಿನ್‌ನಲ್ಲಿ ಎರಡೂ ಹಳಿಗಳು ಒಂದೇ ತುದಿ, ನಡುವಿನ ಮೂರನೆಯ ಹಳಿ ಇನ್ನೊಂದು ತುದಿ. ಹೇಗೆ ಸುತ್ತಿದರೂ ತೊಂದರೆಯಿಲ್ಲ. 1950ರ ದಶಕದಲ್ಲಿ ಆ ಮೂರನೆಯ ಹಳಿಯೂ ಮರೆಯಾಗಿ ಸ್ಲೀಪರ್‌ಗಳ ನಡುವೆ ಸಣ್ಣ ಸಣ್ಣ ಗುಬ್ಬಿಗಳಷ್ಟೇ ಉಳಿದವು. ದಿಕ್ಕು ಬದಲಿಸಲು 24 ವೋಲ್ಟಿನ ಒಂದು ಕ್ಷಣದ ಹೊಡೆತ. ಎಂಜಿನ್ನಿನ ಒಳಗಿನ ರಿಲೇ ಟಕ್ ಎಂದು ಮಗುಚಿಕೊಳ್ಳುತ್ತಿತ್ತು.

ಅರ್ಧ ಸೊನ್ನೆ

1935ರ ಲೈಪ್‌ಜಿಗ್ ಮೇಳದಲ್ಲಿ ಊಟದ ಮೇಜಿನ ಮೇಲೇ ಹಿಡಿಸುವ ರೈಲು ಬಂತು. ಅದಕ್ಕೂ ಮೊದಲು ‘ಸೊನ್ನೆ’ ಎಂಬ ಗೇಜ್ ಇತ್ತು, 32 ಮಿಲಿಮೀಟರಿನದು. ಹೊಸದು ಅದರ ಅರ್ಧದಷ್ಟು, 16.5 ಮಿಲಿಮೀಟರ್. ಮುಂದೆ ಇದಕ್ಕೆ ಜರ್ಮನ್ ಭಾಷೆಯಲ್ಲಿ ‘ಅರ್ಧ ಸೊನ್ನೆ’ ಎಂದೇ ಹೆಸರು ನಿಂತಿತು. ಸೊನ್ನೆಯ ಅರ್ಧ ಎಷ್ಟು ಎಂದು ಗಣಿತದ ಮೇಷ್ಟ್ರು ಕೇಳಿದರೆ ಈ ಹವ್ಯಾಸಿಗಳು ಸಂಕೋಚವಿಲ್ಲದೆ ‘ಹದಿನಾರೂವರೆ ಮಿಲಿಮೀಟರ್’ ಎನ್ನಬಹುದು!

ಅದೇ 1935ರಲ್ಲಿ ನ್ಯೂರೆಂಬರ್ಗ್‌ನ ಟ್ರಿಕ್ಸ್ ಕಂಪನಿಯೂ ಅದೇ ಅಳತೆಯ ಮೇಜಿನ ರೈಲನ್ನು ತಂದಿತು. ಅದರ ಹಿಂದೆ ಇದ್ದವರು ಸ್ಟೀಫನ್ ಬಿಂಗ್ ಎಂಬ ಯೆಹೂದಿ ಉದ್ಯಮಿ. ನಾಜಿ ಆಳ್ವಿಕೆಯಲ್ಲಿ ಅವರು 1938ರಲ್ಲಿ ಕಂಪನಿಯನ್ನು ಬೇರೆಯವರಿಗೆ ಕೊಟ್ಟು ದೇಶ ಬಿಡಬೇಕಾಯಿತು, ಇಂಗ್ಲೆಂಡ್ ಸೇರಿದರು. ಬಣ್ಣದ ಚಿತ್ರಗಳ ನಡುವೆ ಈ ಮಾತಿಗೆ ಜಾಗವಿರುವುದಿಲ್ಲ. 1930ರ ದಶಕದ ಜರ್ಮನ್ ಆಟಿಕೆ ಪುಸ್ತಕಗಳನ್ನು ಅಕ್ಕರೆಯಿಂದ ತಿರುವುವವರು ಆ ಪುಟಗಳ ಆಚೆ ಏನು ನಡೆಯುತ್ತಿತ್ತು ಎಂಬುದನ್ನೂ ತಿಳಿದಿರುವುದು ಒಳ್ಳೆಯದು. 1990ರ ದಶಕದಲ್ಲಿ ಟ್ರಿಕ್ಸ್ ಮೆರ್ಕ್ಲಿನ್‌ನ ತೆಕ್ಕೆಗೇ ಬಂತು.

ಅರ್ಧ ಸೊನ್ನೆಯ ಪ್ರಮಾಣ 1:87. ಯೂರೋಪಿನ ಹಳಿಯ ಅಗಲ 1435 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ ಹದಿನಾರೂವರೆ ಬರುತ್ತದೆ. ಭಾರತದ ಬ್ರಾಡ್‌ಗೇಜ್ 1676 ಮಿಲಿಮೀಟರ್. ಅದೇ ಪ್ರಮಾಣದಲ್ಲಿ ಸುಮಾರು 19.3 ಆಗಬೇಕು. ಆದ್ದರಿಂದ ಭಾರತೀಯ ರೈಲಿನ ಮಾದರಿಯನ್ನು ಹದಿನಾರೂವರೆಯ ಹಳಿಯ ಮೇಲೆ ಓಡಿಸಿದರೆ ಕಾಲು ಸ್ವಲ್ಪ ಒತ್ತಾಗಿ ಇಟ್ಟುಕೊಂಡು ನಿಂತ ಹಾಗೆ ಕಾಣುತ್ತದೆ.

ಇನ್ನೊಂದು ಲೆಕ್ಕ ಇದಕ್ಕಿಂತ ಸ್ವಾರಸ್ಯದ್ದು. ಕ್ಯಾಟಲಾಗಿನಲ್ಲಿ ಪ್ರತಿ ಬೋಗಿಯ ಕೆಳಗೆ ಬಫರ್‌ನಿಂದ ಬಫರ್‌ಗೆ ಉದ್ದ ಎಷ್ಟು ಎಂದು ಸೆಂಟಿಮೀಟರಿನಲ್ಲಿ ಕೊಟ್ಟಿರುತ್ತಿದ್ದರು. ಎಕ್ಸ್‌ಪ್ರೆಸ್ ರೈಲಿನ ತಗಡಿನ ಬೋಗಿ 24 ಸೆಂಟಿಮೀಟರ್. 87ರಿಂದ ಗುಣಿಸಿ: 20 ಮೀಟರ್ 88 ಸೆಂಟಿಮೀಟರ್. ಆದರೆ ಜರ್ಮನಿಯ ನಿಜವಾದ ಎಕ್ಸ್‌ಪ್ರೆಸ್ ಬೋಗಿ 26.4 ಮೀಟರ್ ಉದ್ದ. ಮಾದರಿ 30 ಸೆಂಟಿಮೀಟರ್ ದಾಟಬೇಕಿತ್ತು! ಆರು ಸೆಂಟಿಮೀಟರ್ ಎಲ್ಲಿ ಹೋಯಿತು?

ಉತ್ತರವೂ ಅದೇ ಪುಸ್ತಕದಲ್ಲಿ, ಹಳಿಗಳ ಪುಟದಲ್ಲಿತ್ತು. ಮಾಮೂಲಿ ತಿರುವಿನ ತ್ರಿಜ್ಯ 36 ಸೆಂಟಿಮೀಟರ್. 87ರಿಂದ ಗುಣಿಸಿದರೆ 31 ಮೀಟರಿನಷ್ಟು. ನಿಜವಾದ ಮುಖ್ಯ ಮಾರ್ಗದಲ್ಲಿ ಅಷ್ಟು ಬಿಗಿಯಾದ ತಿರುವು ಇರುವುದಿಲ್ಲ. 300 ಮೀಟರ್ ತ್ರಿಜ್ಯದ ತಿರುವನ್ನು ಸರಿಯಾದ ಪ್ರಮಾಣದಲ್ಲಿ ಮಾಡಿದರೆ ಮನೆಯಲ್ಲಿ ಅದರ ತ್ರಿಜ್ಯವೇ ಮೂರೂವರೆ ಮೀಟರ್ ಆಗುತ್ತದೆ. ಪೂರ್ತಿ ಸುತ್ತಿಗೆ ಏಳು ಮೀಟರ್ ಅಗಲದ ಕೋಣೆ ಬೇಕು. ಯಾವ ಸಾಮಾನ್ಯನ ಮನೆಯಲ್ಲಿದೆ? ಮೇಜಿನ ಮೇಲೆ ರೈಲು ತಿರುಗಬೇಕಾದರೆ ಹಳಿ ಬಿಗಿಯಾಗಬೇಕು, ಹಳಿ ಬಿಗಿಯಾದರೆ ಬೋಗಿ ಗಿಡ್ಡವಾಗಬೇಕು. ಕ್ಯಾಟಲಾಗಿನ ಚಿತ್ರ ಸುಳ್ಳು ಹೇಳಿತು, ಅದರ ಅಂಕಿಗಳು ನಿಜ ಹೇಳಿದವು. ರೈಲು ಕೈಯಲ್ಲಿದ್ದ ಹುಡುಗ ಬಹುಶಃ ಅದನ್ನು ಓಡಿಸುತ್ತ ಕುಳಿತಿರುತ್ತಿದ್ದ. ಪುಸ್ತಕ ಮಾತ್ರ ಇದ್ದವನಿಗೆ ಇಂಥ ಲೆಕ್ಕಕ್ಕೆ ಬೇಕಾದಷ್ಟು ಸಮಯವಿತ್ತು.

ಮೊಸಳೆಯೂ ಊಟಿಯ ಎಂಜಿನ್ನೂ

ಹಳೆಯ ಹವ್ಯಾಸಿಗಳು ಎಂಜಿನ್‌ಗಳನ್ನು ಕ್ಯಾಟಲಾಗ್ ಸಂಖ್ಯೆಯಿಂದಲೇ ಕರೆಯುತ್ತಾರೆ. ‘ಮೂರು ಸಾವಿರ’ ಎಂದರೆ ಮೊದಲ ಸಲ ಕೊಳ್ಳುವವರ ಪುಟ್ಟ ಉಗಿ ಎಂಜಿನ್. ‘ಮೂರು ಸಾವಿರದ ಹದಿನೈದು’ ಎಂದರೆ ಧ್ವನಿ ಸ್ವಲ್ಪ ತಗ್ಗುತ್ತದೆ. ಅದು ಮೊಸಳೆ.

ನಿಜವಾದ ಮೊಸಳೆ ಸ್ವಿಟ್ಜರ್ಲೆಂಡಿನ ಗೊಟ್ಟಾರ್ಡ್ ಮಾರ್ಗದ್ದು. ಆಲ್ಪ್ಸ್ ಪರ್ವತ ಕೊರೆದು 1882ರಲ್ಲಿ ತೆರೆದ ದಾರಿ ಅದು. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗದೆ ಪರದಾಡಿದ ಸ್ವಿಸ್ ಜನ ತಮ್ಮ ಜಲಪಾತಗಳ ವಿದ್ಯುತ್ತಿನಿಂದಲೇ ರೈಲು ಓಡಿಸಲು ಹೊರಟರು. 1919ರಿಂದ ತಯಾರಾದ ಆ ಎಂಜಿನ್ನಿಗೆ ಮುಂದೊಂದು ಹಿಂದೊಂದು ಉದ್ದನೆಯ ಮೂತಿ, ನಡುವೆ ಕೋಣೆ; ಮೂರೂ ಭಾಗ ಕೀಲುಗಳಲ್ಲಿ ಬಾಗುತ್ತ ತಿರುವು ದಾಟುತ್ತದೆ. ಇದರ ಯಾಂತ್ರಿಕ ಭಾಗಗಳನ್ನು ಮಾಡಿದ್ದು ವಿಂಟರ್‌ಟೂರ್ ಊರಿನ ಕಾರ್ಖಾನೆ. ಮೆಟ್ಟುಪಾಳ್ಯಂನಿಂದ ಊಟಿಗೆ ಹಲ್ಲುಹಳಿ ಹಿಡಿದು ಹತ್ತುವ ನೀಲಗಿರಿ ರೈಲಿನ ಪ್ರಸಿದ್ಧ ಉಗಿ ಎಂಜಿನ್‌ಗಳೂ ಅದೇ ಕಾರ್ಖಾನೆಯಲ್ಲಿ ಹುಟ್ಟಿದವು. ಊಟಿ ಪ್ರವಾಸಕ್ಕೆ ಹೋದವರು ಎಂಜಿನ್ ಮೇಲಿನ ಫಲಕ ಓದದೆ ಬರುವುದೇ ಹೆಚ್ಚು.

ಮೆರ್ಕ್ಲಿನ್ ಅರ್ಧ ಸೊನ್ನೆಯಲ್ಲಿ ಮೊಸಳೆಯನ್ನು ಮಾಡಿದ್ದು 1947ರಲ್ಲಿ, ಯುದ್ಧ ಮುಗಿದು ಜರ್ಮನಿ ಇನ್ನೂ ಕಲ್ಲುಮಣ್ಣಿನ ರಾಶಿಯಾಗಿದ್ದಾಗ. ನಿಜವಾದದ್ದರ ತೂಕ ಸುಮಾರು 128 ಟನ್. ಮಾದರಿಯ ತೂಕ ಎಷ್ಟಿರಬೇಕು? 87ರಿಂದ ಭಾಗಿಸಿದರೆ ಸಾಲದು. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 87ರ ಘನದಿಂದ, ಅಂದರೆ 6,58,503ರಿಂದ ಭಾಗಿಸಬೇಕು. ಬರುವುದು 200 ಗ್ರಾಮಿಗೂ ಕಡಿಮೆ. ಅಷ್ಟು ಹಗುರವಾದರೆ ಅದು ಬೋಗಿಗಳನ್ನು ಎಳೆಯದೆ ಚಕ್ರ ಜಾರಿಸುತ್ತ ನಿಲ್ಲುತ್ತದೆ. ಹಾಗಾಗಿ ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಅದಕ್ಕಿಂತ ಬಹಳ ಭಾರವಾಗಿ ಮಾಡಿದರು. ಕೈಯಲ್ಲಿ ಹಿಡಿದವರು ಮರೆಯದೆ ಹೇಳುವುದು ಆ ಭಾರವನ್ನೇ.

ಈ ಸತುವಿಗೊಂದು ರೋಗವಿದೆ. ಎರಕ ಹೊಯ್ಯುವಾಗ ಸೀಸದಂಥ ಕಲ್ಮಶ ಸ್ವಲ್ಪ ಸೇರಿಕೊಂಡರೂ ವರ್ಷಗಳು ಕಳೆದಂತೆ ಲೋಹದ ಹರಳುಗಳ ಸಂದುಗಳಲ್ಲಿ ಸವೆತ ಹತ್ತುತ್ತದೆ. ವಸ್ತು ಉಬ್ಬುತ್ತದೆ, ಬಿರುಕು ಬಿಡುತ್ತದೆ, ಒಂದು ದಿನ ಬೆರಳಿನಲ್ಲಿ ಪುಡಿಯಾಗುತ್ತದೆ. ಗಾಜಿನ ಬೀರುವಿನಲ್ಲಿ ಯಾರೂ ಮುಟ್ಟದಂತೆ ಕಾಪಾಡಿದರೂ ಬಿಡದು. ಯುದ್ಧಪೂರ್ವದ ಎಷ್ಟೋ ರೈಲುಗಳ ಭಾಗಗಳು ಹೀಗೆ ಹೋದವು. ಅದೇ ರೈಲಿನ ಚಿತ್ರವಿದ್ದ ಕಾಗದ ಮಾತ್ರ ಹಳದಿಯಾಗಿ ಗಟ್ಟಿಯಾಗಿ ಉಳಿದಿದೆ. ಮುರಿದ ಎಂಜಿನ್ನಿಗೆ ಯಾವ ದೀಪ ಇತ್ತು, ಯಾವ ಬಣ್ಣ ಬಳಿದಿದ್ದರು ಎಂದು ತಿಳಿಯಲು ರಿಪೇರಿ ಮಾಡುವವನು ಕ್ಯಾಟಲಾಗನ್ನೇ ಬಿಚ್ಚುತ್ತಾನೆ.

ಗೊಪ್ಪಿಂಗೆನ್‌ನಲ್ಲಿ ಕಂಪನಿಯ ವಸ್ತುಸಂಗ್ರಹಾಲಯವಿದೆ. 2005ರ ಜನವರಿಯಲ್ಲಿ ಕಳ್ಳರು ಅಂದಿನ ಸಂಗ್ರಹಾಲಯಕ್ಕೆ ನುಗ್ಗಿ ಹಳೆಯ ಅಮೂಲ್ಯ ಮಾದರಿಗಳನ್ನು ಹೊತ್ತೊಯ್ದಿದ್ದರು. ಆಮೇಲೆ ಪೊಲೀಸರು ಪತ್ತೆ ಹಚ್ಚಿದರು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಆಮೇಲೆ. 2006ರಲ್ಲಿ ಕಂಪನಿ ಸ್ಥಾಪಕರ ವಂಶದವರ ಕೈಯಿಂದ ಹೊರಗಿನ ಹೂಡಿಕೆದಾರರಿಗೆ ಹೋಯಿತು. 2009ರ ಫೆಬ್ರವರಿಯಲ್ಲಿ, ನೂರೈವತ್ತನೆಯ ವರ್ಷದ ಸಂಭ್ರಮ ನಡೆಯಬೇಕಿದ್ದ ಹೊತ್ತಿನಲ್ಲಿ, ದಿವಾಳಿ ಅರ್ಜಿ ಹಾಕಬೇಕಾಯಿತು. ಮಾಲು ಕೆಟ್ಟದಾಗಿತ್ತೆಂದಲ್ಲ. ಕೊಳ್ಳುವವರಿಗೆ ವಯಸ್ಸಾಗಿತ್ತು. ಹುಡುಗನಾಗಿದ್ದಾಗ ಪೆನ್ಸಿಲಿನಲ್ಲಿ ಗುರುತು ಹಾಕಿ ಅಳಿಸಿದವನು ಐವತ್ತು ದಾಟಿ, ಕೈಯಲ್ಲಿ ನಾಲ್ಕು ಕಾಸು ಕಂಡ ಮೇಲೆ ಆ ಮೊಸಳೆಯನ್ನು ಕೊಂಡ. ಅವನ ಮೊಮ್ಮಗನ ಕಣ್ಣು ಕಂಪ್ಯೂಟರ್ ಆಟದ ಪರದೆಯ ಮೇಲಿತ್ತು. ಕಂಪನಿ ಹೇಗೋ ಉಳಿಯಿತು. 2013ರಲ್ಲಿ ಆಟಿಕೆ ಉದ್ಯಮದಲ್ಲೇ ಇದ್ದ ಜೀಬರ್ ಕುಟುಂಬ ಅದನ್ನು ಕೊಂಡಿತು. ಸಣ್ಣ ಮಕ್ಕಳಿಗೆಂದು ಅಗ್ಗದ ಪ್ಲಾಸ್ಟಿಕ್ ರೈಲುಗಳೂ ಈಗ ಬರುತ್ತವೆ. ಹಳಬರಿಗೆ ಅವನ್ನು ಕಂಡರೆ ತಾತ್ಸಾರ. ಆದರೆ ಅವರು ಹಾಗೆ ಮೂಗು ಮುರಿಯಬಾರದು. ಕ್ಯಾರೊಲಿನ್ ಹೊತ್ತು ಮಾರಿದ್ದೂ ಗೊಂಬೆಯ ಪಾತ್ರೆಗಳನ್ನೇ ಅಲ್ಲವೇ?

ಗೊಪ್ಪಿಂಗೆನ್ ಬಿಟ್ಟ ರೈಲು ಅದೇ ಕಣಿವೆಯಲ್ಲಿ ಗೈಸ್ಲಿಂಗೆನ್ ತಲುಪುತ್ತದೆ. 2022ರ ಡಿಸೆಂಬರಿನಲ್ಲಿ ವೆಂಡ್ಲಿಂಗೆನ್ ಮತ್ತು ಉಲ್ಮ್ ನಡುವೆ ಹೊಸ ಮಾರ್ಗ ತೆರೆದ ಮೇಲೆ ವೇಗದ ರೈಲುಗಳು ಹೆಚ್ಚಾಗಿ ಅತ್ತ ಸರಿದಿವೆ. ಕಣಿವೆಯ ಹಳೆಯ ದಾರಿಯಲ್ಲಿ ಓಡುವವು ಮುಖ್ಯವಾಗಿ ಊರೂರಿಗೆ ನಿಲ್ಲುವ ಗಾಡಿಗಳು ಮತ್ತು ಗೂಡ್ಸ್. ಗೈಸ್ಲಿಂಗೆನ್‌ನಿಂದ ಮುಂದೆ 1850ರಲ್ಲಿ ಕಟ್ಟಿದ ಕಡಿದಾದ ಏರು. ನಾಲ್ವತ್ತನಾಲ್ಕೂವರೆ ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಭಾರದ ಗೂಡ್ಸ್ ರೈಲುಗಳಿಗೆ ಹಿಂದಿನಿಂದ ಇನ್ನೊಂದು ಎಂಜಿನ್ ಬಂದು ನೂಕಬೇಕಾಗುವ ಜಾಗವಿದು. ಮೇಜಿನ ಮೇಲೆ ಒಂದು ಹಳಿಯ ಮೇಲಿಂದ ಇನ್ನೊಂದನ್ನು ಹಾಯಿಸಲು ಎಂಟು ಸೆಂಟಿಮೀಟರ್ ಎತ್ತರ ಬೇಕು. ಇದೇ ಏರಿನ ಲೆಕ್ಕದಲ್ಲಿ ಅಷ್ಟು ಹತ್ತಲು ಮೂರೂವರೆ ಮೀಟರ್ ಹಳಿ ಹಿಡಿಯುತ್ತದೆ. ಮನೆಯ ಮೇಜು ಎಷ್ಟು ಉದ್ದವಿದೆ ಎಂದು ಅಳೆದು ನೋಡಬಹುದು.